ಅಪ್ಪನಿಗೆ ವಿಂಡೋಸ್, ಮಗಳಿಗೆ ಉಬುಂಟು, ಲ್ಯಾಪ್‌ಟಾಪ್ ಮಾತ್ರ ಒಂದೇ: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ವಿದ್ಯಾನಗರದ ಒಂದು ಮನೆ. ಅಪ್ಪ ಅಕೌಂಟೆಂಟ್. ಮಂಡಿಪೇಟೆ, ಚೌಕಿಪೇಟೆ ಕಡೆಯ ಒಂದಷ್ಟು ಅಂಗಡಿಗಳ ಲೆಕ್ಕ ಬರೆಯುತ್ತಾರೆ, ಅವರ ಜಿಎಸ್‌ಟಿ ರಿಟರ್ನ್ ಹಾಕುತ್ತಾರೆ. ಮಗಳು ಊರಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಕಂಪ್ಯೂಟರ್ ಸೈನ್ಸ್. ಇಬ್ಬರಿಗೂ ಸೇರಿ ಇರುವುದು ಒಂದೇ ಲ್ಯಾಪ್‌ಟಾಪ್. ವಿಂಡೋಸ್ 11 ಹೋಮ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಹಗಲು ಅಪ್ಪನ ಟ್ಯಾಲಿ, ರಾತ್ರಿ ಮಗಳ ಲ್ಯಾಬ್ ಪ್ರೋಗ್ರಾಂ. ಇನ್ನೊಂದು ಲ್ಯಾಪ್‌ಟಾಪ್ ತಗೊಳ್ಳಿ ಅಂತ ಹೇಳುವುದು ನಮಗೆ ಸುಲಭ, ದುಡ್ಡು ಕೊಡಬೇಕಾದವರು ಅವರು.

ಮಗಳಿಗೆ ಲಿನಕ್ಸ್ ಬೇಕಾಯಿತು. ವಿಂಡೋಸ್ ಥರ ಅದೂ ಒಂದು ಆಪರೇಟಿಂಗ್ ಸಿಸ್ಟಂ (ಓಎಸ್), ಉಬುಂಟು ಅದರ ಒಂದು ರೂಪ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡನ್ನೂ ಹಾಕಿ, ಆನ್ ಮಾಡುವಾಗ ಬೇಕಾದದ್ದನ್ನು ಆರಿಸಿಕೊಳ್ಳುವುದಕ್ಕೆ ಡ್ಯುಯಲ್ ಬೂಟ್ ಅನ್ನುತ್ತಾರೆ. ಕಾಲೇಜಿನ ಸೀನಿಯರ್ ಒಬ್ಬ ಪೆನ್‌ಡ್ರೈವ್ ಹಿಡಿದುಕೊಂಡು ಬಂದ. ಹಾಕಿ ಬೂಟ್ ಮಾಡಿದರೆ, ಅಂದರೆ ಅದರಿಂದ ಲ್ಯಾಪ್‌ಟಾಪ್ ಶುರುಮಾಡಿದರೆ, ಕಪ್ಪು ಪರದೆ ಮೇಲೆ ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್, ಸೆಕ್ಯೂರಿಟಿ ಪಾಲಿಸಿ ವಯೊಲೇಷನ್ ಅಂತ ಒಂದು ಸಾಲು ಬಂದು ಲ್ಯಾಪ್‌ಟಾಪ್ ತಾನಾಗೇ ಆಫ್ ಆಯಿತು. ಹುಡುಗ ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಹೋಗಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಪ್ರೋಗ್ರಾಂ ಮಾತ್ರ ಶುರುವಾಗಲು ಬಿಡುವ ಕಾವಲು) ಆಫ್ ಮಾಡಿದ. ಈಗ ಪೆನ್‌ಡ್ರೈವ್ ಬೂಟ್ ಆಯಿತು. ಆದರೆ ಇನ್‌ಸ್ಟಾಲರ್ ಮುಂದಕ್ಕೆ ಬಿಡಲಿಲ್ಲ. ಈ ಡಿಸ್ಕ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಗುಪ್ತಲಿಪಿಯ ಬೀಗ) ಇದೆ, ಮೊದಲು ವಿಂಡೋಸ್‌ಗೆ ಹೋಗಿ ಅದನ್ನು ಆಫ್ ಮಾಡಿ ಬನ್ನಿ ಅಂದಿತು. ಸರಿ ಅಂತ ವಿಂಡೋಸ್‌ಗೆ ವಾಪಸ್ ಹೋದರೆ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಟೈಪ್ ಮಾಡಿ ಅನ್ನುತ್ತಿದೆ. ಅಂಥದ್ದೊಂದು ಕೀ ಇದೆ ಅನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿಂಗಳ 20ಕ್ಕೆ ಜಿಎಸ್‌ಟಿಆರ್-3ಬಿ ಹಾಕುವ ಕೊನೆಯ ದಿನ, ಅದು ಇನ್ನೇನು ಬಂದೇಬಿಟ್ಟಿತು ಅನ್ನುವ ಹೊತ್ತು. ಅಂಗಡಿಯವರ ಲೆಕ್ಕವೆಲ್ಲ ಒಳಗೆ ಸಿಕ್ಕಿಕೊಂಡಿದೆ.

ಅಪ್ಪ ಲ್ಯಾಪ್‌ಟಾಪ್ ತಂದು ನನ್ನ ಟೇಬಲ್ ಮೇಲೆ ಇಟ್ಟು ಹೇಳಿದ್ದು ಇಷ್ಟೇ: "ತಮ್ಮಾ, ಲಿನಕ್ಸ್ ಗಿನಕ್ಸ್ ಎಲ್ಲ ಆಮೇಲೆ ನೋಡಾಣ, ಮೊದ್ಲು ನನ್ ಟ್ಯಾಲಿ ತೆಗೆದುಕೊಡು."

ಗಮನಿಸಿ, ಇಷ್ಟು ಹೊತ್ತಿಗೆ ಉಬುಂಟು ಇನ್ನೂ ಇನ್‌ಸ್ಟಾಲೇ ಆಗಿರಲಿಲ್ಲ. ಡಿಸ್ಕ್ ಮೇಲೆ ಒಂದಕ್ಷರವೂ ಬರೆದಿರಲಿಲ್ಲ. ಆದರೂ ವಿಂಡೋಸ್ ಬಾಗಿಲು ಹಾಕಿಕೊಂಡಿತ್ತು. ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯೋಣ ಅನಿಸಿದ್ದು ಅದಕ್ಕೇ. ಡ್ಯುಯಲ್ ಬೂಟ್ ಅಂದರೆ ಎಲ್ಲರೂ ಹೆದರುವುದು ಪಾರ್ಟಿಷನ್ ಮಾಡುವಾಗ, ಅಂದರೆ ಡಿಸ್ಕನ್ನು ಭಾಗ ಮಾಡುವಾಗ, ಡಾಟಾ ಅಳಿಸಿಹೋಗುತ್ತದೇನೋ ಅಂತ. ಆ ಭಯ ಸುಳ್ಳಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಎರಡು ಓಎಸ್‌ಗಳ ತಕರಾರು ಜಾಸ್ತಿ ಶುರುವಾಗುವುದು ಇಬ್ಬರೂ ಹಂಚಿಕೊಳ್ಳಲೇಬೇಕಾದ ನಾಲ್ಕೈದು ಜಾಗಗಳಲ್ಲಿ: ಮದರ್‌ಬೋರ್ಡ್‌ನ ಬೂಟ್ ಸೆಟ್ಟಿಂಗ್, ಇಎಫ್‌ಐ ಅನ್ನುವ ಪುಟ್ಟ ಪಾರ್ಟಿಷನ್, ಗಡಿಯಾರ, ಮತ್ತು ಒಂದು ಓಎಸ್ ಅರ್ಧ ಮುಚ್ಚಿ ಬಿಟ್ಟುಹೋದ ಡ್ರೈವ್. ವಿಂಡೋಸ್ ಈ ಲ್ಯಾಪ್‌ಟಾಪ್‌ನಲ್ಲಿ ತಾನೊಬ್ಬನೇ ಇದ್ದೇನೆ ಅಂದುಕೊಂಡಿರುತ್ತದೆ. ಲಿನಕ್ಸ್ ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತದೆ, ಪೂರ್ತಿಯಾಗಲ್ಲ. ಈ ಹಂಚಿಕೆಯ ಜಾಗಗಳನ್ನು ಮೊದಲೇ ಸರಿಮಾಡಿಕೊಂಡರೆ ಇನ್‌ಸ್ಟಾಲ್ ಅನ್ನುವುದು ಅರ್ಧ ಗಂಟೆಯ ಸಾದಾ ಕೆಲಸ.

ಬೀಗ ತೆಗೆದದ್ದು

ಮೊದಲು ಮಾಡಿದ್ದು ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ವಾಪಸ್ ಆನ್ ಮಾಡಿದ್ದು. ರೀಸ್ಟಾರ್ಟ್ ಆಯಿತು, ಕೀ ಕೇಳದೆ ವಿಂಡೋಸ್ ತೆರೆಯಿತು. ಮಾಯ ಏನಿಲ್ಲ. ಬಿಟ್‌ಲಾಕರ್ ಕೀಯನ್ನು ಲ್ಯಾಪ್‌ಟಾಪ್‌ನ ಟಿಪಿಎಂ ಚಿಪ್ ಇಟ್ಟುಕೊಂಡಿರುತ್ತದೆ. ಲ್ಯಾಪ್‌ಟಾಪ್ ಶುರುವಾಗುವ ರೀತಿ ಮೊದಲಿನಂತೆಯೇ ಇದೆಯಾ, ಸೆಕ್ಯೂರ್ ಬೂಟ್ ಆನ್ ಇದೆಯಾ ಅಂತ ಪ್ರತಿ ಸಲ ಅಳತೆ ನೋಡಿ, ತಾಳೆಯಾದರೆ ಮಾತ್ರ ಕೀ ಬಿಟ್ಟುಕೊಡುತ್ತದೆ. ಸೆಟ್ಟಿಂಗ್ ಬದಲಾದರೆ ಕಳ್ಳ ಬಂದಿದ್ದಾನೆ ಅಂತ ಅನುಮಾನಪಟ್ಟು ಕೈಕಟ್ಟಿ ಕೂರುತ್ತದೆ, ಹಳೆ ಸ್ಥಿತಿಗೆ ತಂದರೆ ಹೆಚ್ಚಿನ ಸಲ ಮತ್ತೆ ಬಿಡುತ್ತದೆ. ಹಾಗಾಗಿ ನೀಲಿ ಪರದೆ ಬಂತು ಅಂತ ಗಾಬರಿಯಲ್ಲಿ ಇನ್ನೂ ನಾಲ್ಕು ಸೆಟ್ಟಿಂಗ್ ಬದಲಿಸಬೇಡಿ. ಕೊನೆಯದಾಗಿ ಏನು ಮುಟ್ಟಿದಿರೋ ಅದನ್ನು ವಾಪಸ್ ಇಡಿ. ಮುಖ್ಯವಾಗಿ ಟಿಪಿಎಂ ಕ್ಲಿಯರ್ ಅನ್ನುವ ಆಪ್ಷನ್ ಕಂಡರೆ ಅದರ ಹತ್ತಿರ ಹೋಗಲೇಬೇಡಿ, ಅದನ್ನು ಒತ್ತಿದ ಮೇಲೆ ರಿಕವರಿ ಕೀ ಬಿಟ್ಟರೆ ಬೇರೆ ದಾರಿ ಇಲ್ಲ.

ಈ ಬಿಟ್‌ಲಾಕರ್ ಹಾಕಿದವರು ಯಾರು? ಯಾರೂ ಅಲ್ಲ. ಹೋಮ್ ಆವೃತ್ತಿಯಲ್ಲಿ ಇದರ ಹೆಸರು ಡಿವೈಸ್ ಎನ್‌ಕ್ರಿಪ್ಷನ್. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಸಾಕು, ತಾನಾಗೇ ಆನ್ ಆಗುತ್ತದೆ. ಕೀ ಆ ಅಕೌಂಟ್‌ನ ಒಳಗೆ ಹೋಗಿ ಕೂರುತ್ತದೆ. ನಮ್ಮ ಕಡೆ ತೊಂದರೆ ಇರುವುದು ಇಲ್ಲೇ. ಹೊಸ ಲ್ಯಾಪ್‌ಟಾಪ್ ತಂದ ದಿನ ಅಕೌಂಟ್ ಮಾಡಿಕೊಡುವವರು ಅಂಗಡಿಯ ಹುಡುಗನೋ ಅಳಿಯನೋ ಆಗಿರುತ್ತಾರೆ, ಯಾವ ಈಮೇಲ್ ಕೊಟ್ಟರು, ಯಾವ ಪಾಸ್‌ವರ್ಡ್ ಇಟ್ಟರು ಅಂತ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ದಿನಾ ಪಿನ್ ಹೊಡೆದು ಒಳಗೆ ಹೋಗುವವರಿಗೆ ಅದು ಬೇಕಾಗುವುದೂ ಇಲ್ಲ. ಇವರ ವಿಷಯದಲ್ಲಿ ಅದು ಮಗಳು ಪಿಯುಸಿಯಲ್ಲಿ ಮಾಡಿಕೊಂಡಿದ್ದ ಈಮೇಲ್ ಆಗಿತ್ತು, ಅದೃಷ್ಟ. ಮೈಕ್ರೋಸಾಫ್ಟ್ ಅಕೌಂಟ್ ಪುಟದಲ್ಲಿ ಡಿವೈಸಸ್ ಭಾಗಕ್ಕೆ ಹೋದರೆ ಕೀ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಕೀ ಇದ್ದರೆ ನೀಲಿ ಪರದೆ ಮೇಲೆ ತೋರಿಸುವ ಕೀ ಐಡಿಯ ಮೊದಲ 8 ಅಕ್ಷರ ತಾಳೆ ನೋಡಿ ಸರಿಯಾದದ್ದನ್ನು ಹಿಡಿಯಬೇಕು. ಅದನ್ನು ಪ್ರಿಂಟ್ ತೆಗೆಸಿ, ಅಪ್ಪನ ಲೈಸೆನ್ಸ್ ಕಾಗದಗಳ ಫೈಲಿಗೆ ಸೇರಿಸಿದೆವು. ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿ ಇಟ್ಟವರನ್ನೂ ನೋಡಿದ್ದೇನೆ. ಬೀಗದ ಕೈ ಬೀಗ ಹಾಕಿದ ಕೋಣೆಯೊಳಗೆ!

ಕೀ ಎಲ್ಲೂ ಸಿಗದಿದ್ದರೆ? ಆಗ ಡಾಟಾ ಹೋಯಿತು ಅಂತಲೇ ಲೆಕ್ಕ. ಯಾವ ಸರ್ವೀಸ್ ಸೆಂಟರ್ ಕೂಡ ಅದನ್ನು ತೆಗೆಯಲಾರದು. ತೆಗೆದುಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಪೆನ್‌ಡ್ರೈವ್ ಯಾಕೆ ಬೂಟ್ ಆಗಲಿಲ್ಲ

ಸೀನಿಯರ್ ಹುಡುಗನನ್ನು ಬೈಯುವುದು ಬೇಡ. ಲಿನಕ್ಸ್ ಹಾಕಬೇಕಾದರೆ ಮೊದಲು ಸೆಕ್ಯೂರ್ ಬೂಟ್ ಆಫ್ ಮಾಡು ಅನ್ನುವುದು ಹತ್ತು ವರ್ಷದ ಹಿಂದಿನಿಂದ ಬಾಯಿಂದ ಬಾಯಿಗೆ ಬಂದಿರುವ ಮಾತು. ಉಬುಂಟುವಿಗೆ ಈಗ ಅದರ ಅಗತ್ಯವಿಲ್ಲ. ಉಬುಂಟು ಶುರುವಾಗುವಾಗ ಮೊದಲು ಓಡುವುದು ಶಿಮ್ ಅನ್ನುವ ಚಿಕ್ಕ ಪ್ರೋಗ್ರಾಂ, ಅದಕ್ಕೆ ಮೈಕ್ರೋಸಾಫ್ಟ್‌ನದೇ ಸಹಿ ಇರುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಆ ಸಹಿಯನ್ನು ಒಪ್ಪುತ್ತವೆ.

ಹಾಗಿದ್ದರೆ ಇಲ್ಲಿ ಯಾಕೆ ಒಪ್ಪಲಿಲ್ಲ? ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಹಾಸ್ಟೆಲ್‌ನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಹಳೆಯ ಉಬುಂಟು ಐಎಸ್ಒ, ಅಂದರೆ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲ್. ಹಳೆಯ ಶಿಮ್ ಮತ್ತು ಗ್ರಬ್ (ಯಾವ ಓಎಸ್ ಬೇಕು ಅಂತ ಕೇಳಿ ಶುರುಮಾಡುವ ಪ್ರೋಗ್ರಾಂ) ಆವೃತ್ತಿಗಳಲ್ಲಿ ಸುರಕ್ಷತೆಯ ತೂತುಗಳು ಸಿಕ್ಕಿದ್ದವು. ಅಂಥ ಹಳೆಯದು ಇನ್ನು ಓಡಬಾರದು ಅಂತ ತಡೆಯುವ ಪಟ್ಟಿಯೇ ಎಸ್‌ಬ್ಯಾಟ್. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಈ ಪಟ್ಟಿಯನ್ನು ಕಂಪ್ಯೂಟರ್‌ಗಳಿಗೆ ಬರೆಯಿತು. ಡ್ಯುಯಲ್ ಬೂಟ್ ಇರುವ ಕಂಪ್ಯೂಟರ್‌ಗಳನ್ನು ಬಿಟ್ಟು ಉಳಿದವಕ್ಕೆ ಮಾತ್ರ ಅನ್ನುವುದು ಉದ್ದೇಶವಾಗಿತ್ತು, ಆದರೆ ಡ್ಯುಯಲ್ ಬೂಟ್ ಇದ್ದ ಎಷ್ಟೋ ಕಂಪ್ಯೂಟರ್‌ಗಳಿಗೂ ಹೋಗಿ ಅವುಗಳಲ್ಲಿ ಲಿನಕ್ಸ್ ಏಳದಂತಾಯಿತು. ಅದು ಸರಿಹೋದದ್ದು 2025ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ. ಈ ಮನೆಯ ಲ್ಯಾಪ್‌ಟಾಪ್‌ನಲ್ಲಿ ಬರೀ ವಿಂಡೋಸ್ ಇದ್ದದ್ದರಿಂದ ತಡೆ ಬಿದ್ದದ್ದು ಸರಿಯಾಗೇ ಇತ್ತು, ಹಳೆಯದಾಗಿದ್ದದ್ದು ಪೆನ್‌ಡ್ರೈವ್. ಕಾವಲುಗಾರನನ್ನು ಮನೆಗೆ ಕಳಿಸುವ ಬದಲು ಹೊಸ ಐಎಸ್ಒ ಇಳಿಸಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ನಿಜವಾಗಿ ಬೇಕಾ ಅಂತ ಕೇಳಿದ್ದು

20ನೇ ತಾರೀಕು ಕಳೆಯುವವರೆಗೂ ಲ್ಯಾಪ್‌ಟಾಪ್ ಮುಟ್ಟುವುದಿಲ್ಲ ಅಂತ ಹೇಳಿ ಕಳಿಸಿದೆ. ಅಕೌಂಟೆಂಟ್ ಮನೆಯಲ್ಲಿ ಡ್ಯುಯಲ್ ಬೂಟ್‌ಗೆ ಮುಹೂರ್ತ ಅಂತ ಇದ್ದರೆ ಅದು 21ರಿಂದ ತಿಂಗಳ ಕೊನೆಯವರೆಗೆ. ಮುಂದಿನ ತಿಂಗಳ 11ಕ್ಕೆ ಜಿಎಸ್‌ಟಿಆರ್-1 ಬರುತ್ತದೆ, ಆಗ ಮತ್ತೆ ಬಿಸಿ.

ಆ ಬಿಡುವಿನಲ್ಲಿ ಮಗಳನ್ನು ಕೇಳಿದೆ, ಲಿನಕ್ಸ್ ಯಾವುದಕ್ಕೆ ಬೇಕು? ಇದನ್ನು ಕೇಳದೆ ಯಾರಿಗೂ ಡ್ಯುಯಲ್ ಬೂಟ್ ಹಾಕಿಕೊಡಬಾರದು ಅನ್ನುವುದು ನನ್ನ ಹಟ. ಶೆಲ್ ಸ್ಕ್ರಿಪ್ಟ್, ಸಿ ಪ್ರೋಗ್ರಾಂ, ಪೈಥಾನ್ ಇಷ್ಟೇ ಆದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಸಾಕು. ಒಂದೇ ಕಮಾಂಡ್‌ನಲ್ಲಿ ಉಬುಂಟು ಒಳಗೆ ಬಂದು ಕೂರುತ್ತದೆ, ಪಾರ್ಟಿಷನ್ ಇಲ್ಲ, ಬಯಾಸ್ ಇಲ್ಲ, ಅಪ್ಪನಿಗೆ ಗೊತ್ತೂ ಆಗುವುದಿಲ್ಲ. ವರ್ಚುವಲ್ ಮಷೀನ್, ಅಂದರೆ ವಿಂಡೋಸ್ ಒಳಗೆ ಸಾಫ್ಟ್‌ವೇರ್‌ನಲ್ಲೇ ಮಾಡಿಕೊಂಡ ಬೇರೊಂದು ಕಂಪ್ಯೂಟರ್, ಇನ್ನೊಂದು ದಾರಿ. ಆದರೆ 8 ಜಿಬಿ ರ‍್ಯಾಮ್‌ನಲ್ಲಿ 4 ಅದಕ್ಕೆ ಕೊಟ್ಟರೆ ವಿಂಡೋಸ್‌ಗೆ ಉಳಿಯುವುದು 4, ಇಬ್ಬರೂ ಏದುಸಿರು ಬಿಡುತ್ತಾರೆ.

ಅವಳಿಗೆ ಬೇಕಿದ್ದದ್ದು ಬೇರೆ. ಆಪರೇಟಿಂಗ್ ಸಿಸ್ಟಂ ಪ್ರಾಜೆಕ್ಟ್‌ಗೆ ಕರ್ನಲ್ (ಓಎಸ್‌ನ ತಿರುಳು) ಮಾಡ್ಯೂಲ್ ಬರೆಯಬೇಕು, ಜೊತೆಗೆ ಯುಎಸ್‌ಬಿಗೆ ಚುಚ್ಚುವ ಇಎಸ್‌ಪಿ32 ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಇಟ್ಟುಕೊಂಡು ಕೆಲಸ. ಡಬ್ಲ್ಯೂಎಸ್ಎಲ್‌ನಲ್ಲಿ ಇವೆರಡೂ ಆಗದ್ದಲ್ಲ, ಆದರೆ ಯುಎಸ್‌ಬಿ ಒಳಗೆ ಕಳಿಸಲು ಬೇರೆ ಟೂಲ್ ಹಾಕಬೇಕು, ಕರ್ನಲ್ ಮೈಕ್ರೋಸಾಫ್ಟ್‌ನದು, ಕಲಿಯುವವಳಿಗೆ ಸುಮ್ನೆ ಕಾಟ. ಡ್ಯುಯಲ್ ಬೂಟ್ ಸರಿ ಅನಿಸಿತು.

ತಯಾರಿ, ಇದೇ ದೊಡ್ಡ ಕೆಲಸ

ಬ್ಯಾಕಪ್ ಮೊದಲು. ಟ್ಯಾಲಿಯ ಡಾಟಾ ಫೋಲ್ಡರ್, ಅಪ್ಪನ ಎಕ್ಸೆಲ್‌ಗಳು, ಹಳೆಯ ನುಡಿ ಫೈಲುಗಳು, ಎಲ್ಲ ಒಂದು ಹೊರಗಿನ ಹಾರ್ಡ್‌ಡಿಸ್ಕ್‌ಗೆ. ಕಾಪಿ ಆದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕು ಫೈಲ್ ತೆರೆದು ನೋಡಿದೆವು. ತೆರೆದು ನೋಡದ ಬ್ಯಾಕಪ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಟ್ಯಾಲಿ ಇರುವವರು ಇನ್ನೊಂದು ವಿಷಯ ಗಮನದಲ್ಲಿ ಇಟ್ಟುಕೊಳ್ಳಬೇಕು. ಅದರ ಲೈಸೆನ್ಸ್ ಆ ಕಂಪ್ಯೂಟರ್‌ಗೆ ಕಟ್ಟಿಕೊಂಡಿರುತ್ತದೆ. ಏನೋ ಎಡವಟ್ಟಾಗಿ ವಿಂಡೋಸ್ ಹೊಸದಾಗಿ ಹಾಕಬೇಕಾಗಿ ಬಂದರೆ ಲೈಸೆನ್ಸ್ ಮತ್ತೆ ಆಕ್ಟಿವೇಟ್ ಮಾಡಬೇಕು, ಅದಕ್ಕೆ ಸೀರಿಯಲ್ ನಂಬರ್ ಮತ್ತು ನೋಂದಾಯಿಸಿದ ಈಮೇಲ್ ಬೇಕು. ಅವೆರಡನ್ನೂ ಬರೆದಿಟ್ಟುಕೊಂಡೆವು.

ಆಮೇಲೆ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿದೆವು. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯೂರಿಟಿ ಒಳಗೆ ಇದೆ. ಒತ್ತಿದ ತಕ್ಷಣ ಆಗುವುದಿಲ್ಲ, ಡಿಸ್ಕ್ ಪೂರ್ತಿ ಬಿಡಿಸಲು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಚಾರ್ಜರ್ ಹಾಕಿರಬೇಕು. ಇದು ತಾತ್ಕಾಲಿಕ ಅಂತ ಅಪ್ಪನಿಗೆ ಸ್ಪಷ್ಟವಾಗಿ ಹೇಳಿದೆ. ಬೇರೆಯವರ ವ್ಯಾಪಾರದ ಲೆಕ್ಕ ಇರುವ ಲ್ಯಾಪ್‌ಟಾಪ್ ಬಸ್‌ನಲ್ಲಿ ಕಳೆದುಹೋದರೆ ಅದು ಅವರೊಬ್ಬರ ಕಷ್ಟವಾಗಿ ಉಳಿಯುವುದಿಲ್ಲ. ಡ್ಯುಯಲ್ ಬೂಟ್‌ಗೋಸ್ಕರ ಎನ್‌ಕ್ರಿಪ್ಷನ್ ಶಾಶ್ವತವಾಗಿ ತೆಗೆದುಬಿಡಿ ಅನ್ನುವ ಸಲಹೆ ನನಗೆ ಹಿಡಿಸುವುದಿಲ್ಲ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಇದೆ. ನೀವು ಶಟ್‌ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ತನ್ನ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ, ನಾಳೆ ಬೇಗ ಏಳಲಿ ಅಂತ. ಸಂಜೆ ಅಂಗಡಿಯವರು ಶಟರ್ ಅರ್ಧ ಎಳೆದು ಗಲ್ಲಾಪೆಟ್ಟಿಗೆ ತೆರೆದಿಟ್ಟೇ ಚಹಾಕ್ಕೆ ಹೋದ ಹಾಗೆ, ಹೊರಗಿನಿಂದ ನೋಡಿದರೆ ಮುಚ್ಚಿದೆ, ಒಳಗಿನ ಲೆಕ್ಕ ಇನ್ನೂ ಮುಗಿದಿಲ್ಲ. ಆ ಹೊತ್ತಿನಲ್ಲಿ ಲಿನಕ್ಸ್ ಬಂದು ಸಿ ಡ್ರೈವ್‌ನಲ್ಲಿ ಏನಾದರೂ ಬರೆದರೆ, ಬೆಳಿಗ್ಗೆ ಎದ್ದ ವಿಂಡೋಸ್ ತನ್ನ ಹಳೆಯ ನೆನಪನ್ನೇ ನಂಬಿ ಅದರ ಮೇಲೆ ಮತ್ತೆ ಬರೆಯುತ್ತದೆ, ಫೈಲುಗಳು ಕೆಡುತ್ತವೆ. ಲಿನಕ್ಸ್‌ಗೆ ಇದು ಗೊತ್ತಿದೆ, ಅಂಥ ಡ್ರೈವನ್ನು ಓದಲು ಮಾತ್ರ ಬಿಡುತ್ತದೆ. ಆದರೆ ಜನ ಬಲವಂತವಾಗಿ ತೆರೆಯುವ ಕಮಾಂಡ್ ಹುಡುಕಿಕೊಂಡು ಹೋಗಿ ಹೊಡೆಯುತ್ತಾರೆ. ಇನ್ನೊಂದು ತಮಾಷೆ ಅಂದರೆ ಶಟ್‌ಡೌನ್ ಒತ್ತಿದರೆ ಅರ್ಧ ಮುಚ್ಚುತ್ತದೆ, ರೀಸ್ಟಾರ್ಟ್ ಒತ್ತಿದರೆ ಪೂರ್ತಿ ಮುಚ್ಚುತ್ತದೆ. ಎಲ್ಲರೂ ಉಲ್ಟಾ ಅಂದುಕೊಂಡಿರುತ್ತಾರೆ.

ಪವರ್ ಆಪ್ಷನ್ಸ್‌ನಲ್ಲಿ ಟಿಕ್ ತೆಗೆದರೂ ಸಾಕು. ನಾನು ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಿಂದ ಹೈಬರ್ನೇಟನ್ನೇ (ಕೆಲಸದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುವ ಸೌಲಭ್ಯ) ಪೂರ್ತಿ ಆಫ್ ಮಾಡಿದೆ. ಆಗ ಫಾಸ್ಟ್ ಸ್ಟಾರ್ಟಪ್ ಅನ್ನುವ ಆಪ್ಷನ್ನೇ ಮಾಯವಾಗುತ್ತದೆ. ಹೈಬರ್ನೇಟ್ ಫೈಲ್ ಕೂಡ ಅಳಿದು ಒಂದಷ್ಟು ಜಿಬಿ ಜಾಗ ಸಿಗುತ್ತದೆ. ಆ ಜಾಗದ ಉಪಯೋಗ ಮುಂದಿನ ಹೆಜ್ಜೆಯಲ್ಲೇ ಬಂತು.

512 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 476 ಜಿಬಿ ಅಂತ ಕಾಣುತ್ತದೆ, ಅದು ಎಣಿಕೆಯ ರೀತಿ ಅಷ್ಟೇ, ಯಾರೂ ಕದ್ದಿಲ್ಲ. ಅದರಲ್ಲಿ 100 ಜಿಬಿ ಲಿನಕ್ಸ್‌ಗೆ ಅಂತ ತೀರ್ಮಾನ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಸಿ ಡ್ರೈವ್ ಮೇಲೆ ಶ್ರಿಂಕ್ ಕೊಟ್ಟರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಇದ್ದರೂ ಸ್ವಲ್ಪವೇ ಕೊಡುತ್ತೇನೆ ಅಂದಿತು. ಡ್ರೈವ್‌ನ ಕೊನೆಯಲ್ಲೆಲ್ಲೋ ಜರುಗಿಸಲಾಗದ ಫೈಲ್ ಕೂತಿದ್ದರೆ ಹೀಗಾಗುತ್ತದೆ, ಸಾಮಾನ್ಯವಾಗಿ ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಫೈಲ್), ಹೈಬರ್ನೇಟ್ ಫೈಲ್ ಅಥವಾ ಸಿಸ್ಟಂ ರೀಸ್ಟೋರ್ ಪಾಯಿಂಟ್‌ಗಳು. ಹೈಬರ್ನೇಟ್ ಆಗಲೇ ಹೋಗಿತ್ತು. ಸಿಸ್ಟಂ ಪ್ರೊಟೆಕ್ಷನ್ ಮತ್ತು ಪೇಜ್‌ಫೈಲ್ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ 102400 ಎಂಬಿ ಕೊಟ್ಟಿತು. ಆಮೇಲೆ ಎರಡನ್ನೂ ವಾಪಸ್ ಆನ್ ಮಾಡಿದೆ. ಆ ಖಾಲಿ ಜಾಗಕ್ಕೆ ವಿಂಡೋಸ್‌ನಲ್ಲಿ ಹೆಸರು, ಅಕ್ಷರ ಏನೂ ಕೊಡಬಾರದು, ಹಾಗೇ ಖಾಲಿ ಬಿಡಬೇಕು. ವಿಂಡೋಸ್ ಡ್ರೈವನ್ನು ಕುಗ್ಗಿಸುವ ಕೆಲಸ ವಿಂಡೋಸೇ ಮಾಡಲಿ, ಲಿನಕ್ಸ್ ಇನ್‌ಸ್ಟಾಲರ್ ಕೈಗೆ ಕೊಡುವುದು ಬೇಡ.

ಡಿ ಡ್ರೈವ್ ಥರ ಇಬ್ಬರಿಗೂ ಸೇರಿದ ಒಂದು ಪಾರ್ಟಿಷನ್ ಮಾಡಿಕೊಡ್ತೀರಾ ಅಂತ ಮಗಳು ಕೇಳಿದಳು. ಬೇಡ ಅಂದೆ. ಅಪ್ಪನ ಲೆಕ್ಕ ಅವಳಿಗೆ ಬೇಡ, ಅವಳ ಕೋಡ್ ಅಪ್ಪನಿಗೆ ಬೇಡ. ಒಂದೆರಡು ಪಿಡಿಎಫ್ ದಾಟಿಸಲು ಪೆನ್‌ಡ್ರೈವ್ ಇದೆ, ಗೂಗಲ್ ಡ್ರೈವ್ ಇದೆ.

ಇನ್‌ಸ್ಟಾಲ್

ಉಬುಂಟು 24.04 ಎಲ್‌ಟಿಎಸ್ ಆರಿಸಿದೆ. 2024ರ ಏಪ್ರಿಲ್‌ನಲ್ಲಿ ಬಂದದ್ದು, 5 ವರ್ಷ ಅಪ್‌ಡೇಟ್ ಸಿಗುತ್ತದೆ, ಅವಳ ಕೋರ್ಸ್ ಮುಗಿಯುವವರೆಗೆ ಸಾಕು. ಅದರ ಇತ್ತೀಚಿನ ಪಾಯಿಂಟ್ ರಿಲೀಸನ್ನೇ ಇಳಿಸಿಕೊಂಡು, ಫೈಲ್ ಕೆಡದೆ ಬಂದಿದೆಯಾ ಅಂತ ಚೆಕ್‌ಸಮ್ ತಾಳೆ ನೋಡಿ, ರೂಫಸ್ ಅನ್ನುವ ಟೂಲ್‌ನಿಂದ ಪೆನ್‌ಡ್ರೈವ್‌ಗೆ ಬರೆದೆ. ಸೆಕ್ಯೂರ್ ಬೂಟ್ ಆನ್ ಇಟ್ಟೇ ಬೂಟ್ ಮಾಡಿದೆ. ಈ ಸಲ ತಕರಾರಿಲ್ಲ.

ಮೊದಲು ಟ್ರೈ ಉಬುಂಟು, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುವುದು. ವೈಫೈ, ಟಚ್‌ಪ್ಯಾಡ್, ಸೌಂಡ್, ಪರದೆಯ ಬೆಳಕು, ಎಲ್ಲ ನೋಡಿಕೊಂಡ ಮೇಲೆ ಮುಂದಿನದು. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಆರ್‌ಎಸ್‌ಟಿ ಅನ್ನುವ ಡಿಸ್ಕ್ ಸೆಟ್ಟಿಂಗ್‌ನಿಂದ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಆಗ ಬಯಾಸ್‌ನಲ್ಲಿ ದಿಢೀರನೆ ಎಎಚ್‌ಸಿಐ ಅನ್ನುವ ಇನ್ನೊಂದು ಸೆಟ್ಟಿಂಗ್‌ಗೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು, ವಿಂಡೋಸನ್ನು ಒಮ್ಮೆ ಸೇಫ್ ಮೋಡ್‌ಗೆ ಕಳಿಸಿ ಆಮೇಲೆ ಬದಲಿಸಬೇಕು. ಇಲ್ಲಿ ಅದು ಬರಲಿಲ್ಲ.

ಪಾರ್ಟಿಷನ್ ಪರದೆಯಲ್ಲಿ ಮ್ಯಾನುಯಲ್ ಆರಿಸಿದೆ. ಕಣ್ಣಿಗೆ ಕಂಡದ್ದನ್ನೇ ಮುಟ್ಟೋಣ ಅಂತ. ಅಲ್ಲಿ ಮೊದಲಿಗೆ ಒಂದು ಚಿಕ್ಕ ಇಎಫ್‌ಐ ಪಾರ್ಟಿಷನ್, ಅದರ ಪಕ್ಕ 16 ಎಂಬಿಯ ಮೈಕ್ರೋಸಾಫ್ಟ್ ರಿಸರ್ವ್ಡ್, ಆಮೇಲೆ ಸಿ ಡ್ರೈವ್, ನಮ್ಮ ಖಾಲಿ ಜಾಗ, ಕೊನೆಗೆ ರಿಕವರಿ. ಖಾಲಿ ಜಾಗದಲ್ಲಿ ಒಂದೇ ಒಂದು ಎಕ್ಸ್‌ಟಿ4 (ಲಿನಕ್ಸ್ ಬಳಸುವ ಫಾರ್ಮ್ಯಾಟ್) ಪಾರ್ಟಿಷನ್, ಮೌಂಟ್ ಪಾಯಿಂಟ್ ರೂಟ್, ಅಂದರೆ ಉಬುಂಟು ಇರುವುದು ಅಲ್ಲೇ. ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಬೇರೆ ಪಾರ್ಟಿಷನ್ ಬೇಡ, ಉಬುಂಟು ಫೈಲ್ ಮಾಡಿಕೊಳ್ಳುತ್ತದೆ.

ಇಎಫ್‌ಐ ಪಾರ್ಟಿಷನ್ ಬಗ್ಗೆ ಒಂದು ಮಾತು. ಚಿಕ್ಕದು, 100 ಅಥವಾ 260 ಎಂಬಿ ಇರುತ್ತದೆ, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಎರಡೂ ಓಎಸ್‌ಗಳ ಬೂಟ್ ಫೈಲುಗಳು ಇರುವುದು ಅಲ್ಲೇ, ವಿಂಡೋಸ್‌ನದು ಒಂದು ಫೋಲ್ಡರ್, ಉಬುಂಟುವಿನದು ಇನ್ನೊಂದು. ಉಬುಂಟು ಇದನ್ನು ಬಳಸಿಕೊಳ್ಳಬೇಕು, ಫಾರ್ಮ್ಯಾಟ್ ಮಾಡಬಾರದು. ಫಾರ್ಮ್ಯಾಟ್ ಟಿಕ್ ಬಿದ್ದಿದ್ದರೆ ವಿಂಡೋಸ್‌ನ ಫೈಲುಗಳೆಲ್ಲ ಸಿ ಡ್ರೈವ್‌ನಲ್ಲಿ ಕ್ಷೇಮವಾಗಿದ್ದೂ ವಿಂಡೋಸ್ ಏಳುವುದಿಲ್ಲ. ಇನ್‌ಸ್ಟಾಲ್ ಒತ್ತುವ ಮೊದಲು ಬರುವ ಕೊನೆಯ ಪಟ್ಟಿಯನ್ನು ಮಗಳ ಕೈಲೇ ಜೋರಾಗಿ ಓದಿಸಿದೆ: ಯಾವುದು ಹೊಸದಾಗಿ ಆಗುತ್ತದೆ, ಯಾವುದು ಫಾರ್ಮ್ಯಾಟ್ ಆಗುತ್ತದೆ. ಫಾರ್ಮ್ಯಾಟ್ ಅನ್ನುವುದು ನಮ್ಮ 100 ಜಿಬಿ ಎದುರು ಮಾತ್ರ ಇತ್ತು. ಬ್ಯಾಟರಿ ತುಂಬಿತ್ತು, ಚಾರ್ಜರೂ ಹಾಕಿತ್ತು, ಬೇಸಿಗೆ ನೋಡಿ, ಕರೆಂಟ್ ನಂಬುವ ಹಾಗಿಲ್ಲ. ಒತ್ತಿದೆವು.

ಇನ್‌ಸ್ಟಾಲ್ ಆದ ಮೇಲಿನ ಕಥೆ

ಮೊದಲ ರೀಸ್ಟಾರ್ಟ್‌ಗೆ ಗ್ರಬ್ ಮೆನು ಬಂತು, ಉಬುಂಟು ಮೇಲೆ, ವಿಂಡೋಸ್ ಕೆಳಗೆ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ಬಯಾಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೊದಲಿಗೆ ತಂದೆ. ಈಗ ಪವರ್ ಬಟನ್ ಒತ್ತಿದರೆ ನೇರ ವಿಂಡೋಸ್, ಅಪ್ಪನಿಗೆ ಮೊದಲಿನ ಥರವೇ. ಮಗಳಿಗೆ ಉಬುಂಟು ಬೇಕಾದರೆ ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಬಯಾಸ್ ಒಳಗೆ ಮೊದಲು ಆನ್ ಮಾಡಿಕೊಳ್ಳಬೇಕಾಗಬಹುದು.

ದಿನಾ ಒಂದು ಕೀ ಒತ್ತುವುದು ಕಿರಿಕಿರಿ ಅಲ್ವಾ ಅಂತ ಕೇಳಬಹುದು. ಲಾಭ ನೋಡಿ. ವಿಂಡೋಸ್ ಏಳುವ ದಾರಿಯಲ್ಲಿ ಗ್ರಬ್ ಇಲ್ಲವೇ ಇಲ್ಲ. ಗ್ರಬ್ ಅಪ್‌ಡೇಟ್ ಕೆಟ್ಟರೂ ಅಪ್ಪನ ಕೆಲಸ ನಿಲ್ಲುವುದಿಲ್ಲ. ವಿಂಡೋಸ್ ದೊಡ್ಡ ಅಪ್‌ಡೇಟ್ ಬಂದು ಬೂಟ್ ಕ್ರಮವನ್ನು ತನ್ನ ಕಡೆ ತಿರುಗಿಸಿಕೊಂಡರೆ ಅದು ಈಗಾಗಲೇ ಹಾಗೇ ಇದೆ. ಎಲ್ಲಕ್ಕಿಂತ ಮುಖ್ಯ, ಡಿವೈಸ್ ಎನ್‌ಕ್ರಿಪ್ಷನ್ ವಾಪಸ್ ಆನ್ ಮಾಡಬೇಕಿತ್ತು. ಗ್ರಬ್ ಮೂಲಕ ವಿಂಡೋಸ್‌ಗೆ ಹೋದರೆ ಟಿಪಿಎಂ ಅಳತೆ ಬದಲಾಗಿ ಮತ್ತೆ ಆ 48 ಅಂಕಿ ಕೇಳುವ ಸಾಧ್ಯತೆ ಇದೆ. ನೇರ ಹೋದರೆ ಆ ಗೋಜಿಲ್ಲ. ಎನ್‌ಕ್ರಿಪ್ಷನ್ ಆನ್ ಮಾಡಿದೆವು. ಹೊಸ ಕೀ ಬಂತು, ಅದನ್ನೂ ಪ್ರಿಂಟ್ ತೆಗೆದು ಹಳೆಯದನ್ನು ಹರಿದು ಹಾಕಿದೆವು. ಇದರಿಂದ ಇನ್ನೊಂದು ಉಪಯೋಗವೂ ಆಯಿತು, ಉಬುಂಟುವಿನಿಂದ ಸಿ ಡ್ರೈವ್ ಮೇಲೆ ಕ್ಲಿಕ್ ಮಾಡಿದರೆ ಕೀ ಕೇಳುತ್ತದೆ, ಕೈತಪ್ಪಿ ಅಪ್ಪನ ಫೋಲ್ಡರ್ ಒಳಗೆ ಹೋಗುವ ಪ್ರಶ್ನೆಯೇ ಇಲ್ಲ.

ಮರುದಿನ ಅಪ್ಪನ ಫೋನ್: "ಲ್ಯಾಪ್‌ಟಾಪ್ ಟೈಮ್ ಹಿಂದೆ ಹೋಗೇತಲ್ಲ." ಸರಿಯಾಗಿ ಐದೂವರೆ ಗಂಟೆ ಹಿಂದೆ. ಇದು ಬಂದೇ ಬರುತ್ತದೆ ಅಂತ ಗೊತ್ತಿತ್ತು, ಮಗಳಿಗೆ ಹೇಳಿಯೂ ಇದ್ದೆ, ಅವಳು ಇನ್ನೂ ಮಾಡಿರಲಿಲ್ಲ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ನಂಬುತ್ತದೆ, ಯುಟಿಸಿ (ಪ್ರಪಂಚಕ್ಕೆಲ್ಲ ಒಂದೇ ಆದ ಪ್ರಮಾಣ ಸಮಯ) ಅಂತ ಲಿನಕ್ಸ್ ನಂಬುತ್ತದೆ. ಲಿನಕ್ಸ್ ಬಂದು ಹೋದಾಗ ಗಡಿಯಾರ ಯುಟಿಸಿಗೆ ತಿರುಗಿರುತ್ತದೆ, ಭಾರತದ ಸಮಯಕ್ಕೂ ಅದಕ್ಕೂ 5:30 ವ್ಯತ್ಯಾಸ. ಸಣ್ಣದು ಅನಿಸಬಹುದು. ಆದರೆ ಬೆಳಿಗ್ಗೆ 5ಕ್ಕೆ ಎದ್ದು ಕೆಲಸಕ್ಕೆ ಕೂರುವ ಅಕೌಂಟೆಂಟ್‌ಗೆ ವಿಂಡೋಸ್ ಪ್ರಕಾರ ಅದು ಇನ್ನೂ ಹಿಂದಿನ ದಿನ ರಾತ್ರಿ 11:30. ಡಿಜಿಟಲ್ ಸಹಿ ಹಾಕಿದರೆ ಅದರಲ್ಲಿ ಬೀಳುವ ತಾರೀಕೇ ತಪ್ಪು.

ಇದಕ್ಕೆ ಎರಡು ಮದ್ದು. ವಿಂಡೋಸ್ ರಿಜಿಸ್ಟ್ರಿಯಲ್ಲಿ ಒಂದು ಕೀ ಸೇರಿಸಿ ಅದನ್ನೇ ಯುಟಿಸಿಗೆ ಒಪ್ಪಿಸಬಹುದು, ಇಲ್ಲವೇ ಲಿನಕ್ಸ್‌ನಲ್ಲಿ ಒಂದು ಕಮಾಂಡ್ ಕೊಟ್ಟು ಗಡಿಯಾರದಲ್ಲಿ ಸ್ಥಳೀಯ ಸಮಯವನ್ನೇ ಇಡು ಅನ್ನಬಹುದು. ಎರಡನೆಯದು ಮಾಡಬೇಡಿ ಅಂತ ಲಿನಕ್ಸ್ ತಾನೇ ಎಚ್ಚರಿಕೆ ತೋರಿಸುತ್ತದೆ. ಅದಕ್ಕೆ ದೊಡ್ಡ ಕಾರಣ ಬೇಸಿಗೆ ಬಂದಾಗ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳು, ಅಲ್ಲಿ ಎರಡೂ ಓಎಸ್ ಒಂದೊಂದು ಸಲ ತಿದ್ದಿ ಗೊಂದಲವಾಗುತ್ತದೆ. ನಮ್ಮ ದೇಶದಲ್ಲಿ ಆ ಪದ್ಧತಿ ಇಲ್ಲ. ಅಪ್ಪನ ವಿಂಡೋಸ್ ರಿಜಿಸ್ಟ್ರಿ ಮುಟ್ಟುವುದಕ್ಕಿಂತ ಮಗಳ ಉಬುಂಟುವಿನಲ್ಲಿ ಬದಲಿಸುವುದು ವಾಸಿ ಅಂತ ಹಾಗೇ ಮಾಡಿದೆವು. ಅವತ್ತಿನಿಂದ ಸಮಯ ಸರಿಯಾಗಿದೆ.

ಉಳಿದ ಚಿಲ್ಲರೆ ವಿಷಯಗಳು. ಬ್ಲೂಟೂತ್ ಇಯರ್‌ಫೋನ್ ಒಂದು ಓಎಸ್‌ನಿಂದ ಇನ್ನೊಂದಕ್ಕೆ ಹೋದಾಗ ಮತ್ತೆ ಪೇರ್ ಮಾಡಬೇಕು, ಎರಡೂ ಕಡೆಯ ಜೋಡಣೆ ಕೀ ಬೇರೆ ಬೇರೆ. ಕನ್ನಡ ಟೈಪಿಂಗ್‌ಗೆ ಉಬುಂಟುವಿನಲ್ಲೇ ಕಗಪ ಕೀಬೋರ್ಡ್ ಇದೆ, ನುಡಿ ಅಭ್ಯಾಸ ಇದ್ದವರಿಗೆ ಕಷ್ಟವಾಗುವುದಿಲ್ಲ. ಆದರೆ ಯೂನಿಕೋಡ್ ಬರುವ ಮೊದಲಿನ ನುಡಿ ಫಾಂಟ್‌ನಲ್ಲಿ ಮಾಡಿದ ಅಪ್ಪನ ಹಳೆಯ ಅರ್ಜಿಗಳನ್ನು ಅಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಫಾಂಟ್ ಹಾಕಿದರೆ ಓದಬಹುದು, ಆದರೂ ಅವು ವಿಂಡೋಸ್ ಕಡೆಗೇ ಇರಲಿ.

ಇಬ್ಬರಿಗೂ ಕೊಟ್ಟ ಸೂಚನೆ ಕಡಿಮೆ. ಬಯಾಸ್ ಅಪ್‌ಡೇಟ್ ಮಾಡುವ ಮೊದಲು ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಕೀ ಇರುವ ಕಾಗದ ಕೈಯಲ್ಲಿ ಇಟ್ಟುಕೊಳ್ಳಿ. ಉಬುಂಟು ಅಪ್‌ಡೇಟ್‌ಗಳನ್ನು ತಿಂಗಳುಗಟ್ಟಲೆ ಬಿಡಬೇಡಿ. ಹಳೆಯ ಶಿಮ್ ಇಟ್ಟುಕೊಂಡು ಕೂತರೆ ಆ ಎಸ್‌ಬ್ಯಾಟ್ ಸಾಲು ಮತ್ತೆ ಬರಬಹುದು, ಜೊತೆಗೆ ಸೆಕ್ಯೂರ್ ಬೂಟ್‌ನ 2011ರ ಮೈಕ್ರೋಸಾಫ್ಟ್ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯಲು ಶುರು, ಹೊಸವು ಅಪ್‌ಡೇಟ್ ಮೂಲಕವೇ ಬರುತ್ತವೆ.

ಕೊನೆಯಲ್ಲಿ ಅಪ್ಪ ಕೇಳಿದ್ದು, ಇವಳ ಓದು ಮುಗಿದು ಕೆಲಸ ಸಿಕ್ಕ ಮೇಲೆ ಅದನ್ನು ತೆಗೆಯುವುದು ಹೇಗೆ ಅಂತ. ಕಷ್ಟವಿಲ್ಲ. ಅವಳ ಫೈಲುಗಳನ್ನು ಹೊರಗೆ ತೆಗೆದುಕೊಂಡು, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ 100 ಜಿಬಿ ಪಾರ್ಟಿಷನ್ ಮಾತ್ರ ಡಿಲೀಟ್ ಮಾಡಬೇಕು. ವಿಂಡೋಸ್ ಗ್ರಬ್ ಮೂಲಕ ಏಳುವ ಲ್ಯಾಪ್‌ಟಾಪ್ ಆಗಿದ್ದರೆ ಹೀಗೆ ಡಿಲೀಟ್ ಮಾಡಿ ಮುಂದಿನ ಸಲ ಆನ್ ಮಾಡಿದಾಗ ಗ್ರಬ್‌ನ ಕಪ್ಪು ಪರದೆಗೆ ಬೀಳುತ್ತಿತ್ತು, ಇಲ್ಲಿ ಆ ಕಾಟವಿಲ್ಲ. ಸಿ ಡ್ರೈವ್‌ನ ಪಕ್ಕದಲ್ಲೇ ಆ ಜಾಗ ಇರುವುದರಿಂದ ಎಕ್ಸ್‌ಟೆಂಡ್ ಒತ್ತಿದರೆ ವಾಪಸ್ ಸೇರಿಕೊಳ್ಳುತ್ತದೆ. ಇಎಫ್‌ಐ ಒಳಗಿನ ಉಬುಂಟು ಫೋಲ್ಡರ್ ಮತ್ತು ಬೂಟ್ ಮೆನುವಿನಲ್ಲಿ ಅದರ ಹೆಸರು ಉಳಿದುಕೊಂಡಿರುತ್ತವೆ. ಅವು ಕೆಲವೇ ಎಂಬಿ, ಇದ್ದರೂ ತೊಂದರೆ ಏನಿಲ್ಲ. ಕಣ್ಣಿಗೆ ಚುಚ್ಚುತ್ತದೆ ಅಂದರೆ ಲ್ಯಾಪ್‌ಟಾಪ್ ಇಲ್ಲಿಗೆ ತನ್ನಿ ಅಂದೆ, 20ನೇ ತಾರೀಕು ಕಳೆದ ಮೇಲೆ.